ಮನೆಯಲ್ಲೇ ಕಾರಿನ ಸ್ಪಾರ್ಕ್ ಪ್ಲಗ್ ಬದಲಿಸುವಾಗ ಪಿಂಗಾಣಿ ಮುರಿಯಿತು, ಕೆಳಭಾಗ ಎಂಜಿನ್ ಹೆಡ್‌ನಲ್ಲೇ ಉಳಿದಿದೆ. ಮುಂದೇನು?

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಗಾಡಿ ವ್ಯಾಗನ್ ಆರ್, ಮೂರು ಸಿಲಿಂಡರಿನ ಕೆ10 ಎಂಜಿನ್. ಪ್ಲಗ್‌ಗಳನ್ನು ಮನೆಯಲ್ಲೇ ಬದಲಿಸೋಣವೆಂದು ಇಂದು ಬೆಳಿಗ್ಗೆ ನಾನೂ ನನ್ನ ಭಾವಮೈದನೂ ಕೈ ಹಾಕಿದೆವು. ಎಂಜಿನ್ ರಾತ್ರಿಯಿಡೀ ನಿಂತು ತಣ್ಣಗಾಗಿತ್ತು. ಮೊದಲೆರಡು ಪ್ಲಗ್‌ಗಳು ಯಾವ ತಕರಾರೂ ಇಲ್ಲದೆ ಹೊರಬಂದವು. ಮೂರನೆಯದರ ಮೇಲೆ ಕೂತು ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಎತ್ತಿದಾಗ ಪ್ಲಗ್ ಕೂರುವ ಗುಂಡಿಯ ತಳದಲ್ಲಿ ತುಕ್ಕಿನ ಕೆಸರು ಕಂಡಿತು. ಹಿಂದೆ ಎಂಜಿನ್ ತೊಳೆಸಿದಾಗ ಇಳಿದ ನೀರಿರಬೇಕು. ಪ್ಲಗ್ ಕಾಲು ಸುತ್ತು ತಿರುಗಿ ಕಿರ್ರೆಂದು ಕಚ್ಚಿಕೊಂಡಿತು. ಭಾವಮೈದ ಹಿಡಿಗೆ ಒಂದು ಕಬ್ಬಿಣದ ಪೈಪ್ ಸೇರಿಸಿ ಒತ್ತಿದ. ಸಾಕೆಟ್ ವಾಲಿತು, ಪಿಂಗಾಣಿ ಟಕ್ಕೆಂದು ಮುರಿಯಿತು.

ಈಗ ಪ್ಲಗ್‌ನ ಆರು ಮೂಲೆಯ ಲೋಹದ ಭಾಗ, ಸಿಲಿಂಡರುಗಳ ಮೇಲೆ ಮುಚ್ಚಿರುವ ಅಲ್ಯೂಮಿನಿಯಂ ಹೆಡ್‌ನಲ್ಲಿ ಗಟ್ಟಿಯಾಗಿ ಕೂತಿದೆ. ಮೇಲಿನ ಬಿಳಿ ಭಾಗ ಕೈಗೆ ಬಂದಿದೆ, ಚೂರುಗಳು ಗುಂಡಿಯೊಳಗಿವೆ. ಅವು ಸಿಲಿಂಡರಿಗೆ ಬೀಳಬಹುದೇ? ಉಳಿದ ಎರಡು ಸಿಲಿಂಡರ್‌ಗಳ ಮೇಲೆ ನಿಧಾನವಾಗಿ ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಹುದೇ? ದೂರವೇನೂ ಇಲ್ಲ, ಹಳೆಯ ಬಸ್ ನಿಲ್ದಾಣದ ಹಿಂದೆಯೇ ಇದೆ. ಭಾವಮೈದ ಹೋಗಬಹುದು ಎನ್ನುತ್ತಿದ್ದಾನೆ.

ಹಳೇ_ಬುಲೆಟ್

ಮೊದಲು ಆ ಪೈಪನ್ನು ನಿಮ್ಮ ಭಾವಮೈದನವರ ಕೈಯಿಂದ ತೆಗೆದು ಅಟ್ಟದ ಮೇಲಿಡಿ. ಉಳಿದದ್ದು ಆಮೇಲೆ.

ತುಮಕೂರು_ಟ್ಯಾಪೆಟ್

ಎಂಜಿನ್ ಚಾಲೂ ಮಾಡಲೇಬೇಡಿ. ಕಾರಣ ಎರಡು.

ಪ್ಲಗ್‌ನ ಒಳಗಿನ ಪಿಂಗಾಣಿ ಸೀಳಿದ್ದರೆ ಸಿಲಿಂಡರಿನ ಒತ್ತಡಕ್ಕೆ ಅದು ಮೇಲಕ್ಕೆ ಚಿಮ್ಮಬಹುದು, ಇಲ್ಲವೇ ಸಿಲಿಂಡರಿನೊಳಗೆ ಚಾಚಿರುವ ಅದರ ಮೂಗಿನ ತುಣುಕು ಕಳಚಿ ಪಿಸ್ಟನ್ ಮೇಲೆ ಬೀಳಬಹುದು. ಪಿಂಗಾಣಿ ಎಂದರೆ ನಮ್ಮ ಚಹಾ ಕಪ್ಪಿನ ಪಿಂಗಾಣಿಯಲ್ಲ, ಅಲ್ಯೂಮಿನಾ. ಉಕ್ಕಿಗಿಂತ ಗಡಸು. ಸಣ್ಣ ಕಾಳಿನಷ್ಟಿದ್ದರೂ ಸಿಲಿಂಡರ್ ಗೋಡೆಗೆ ಗೀರು ಬೀಳುತ್ತದೆ.

ಎರಡನೆಯದು, ಆ ಸಿಲಿಂಡರಿನಲ್ಲಿ ಕಿಡಿ ಇಲ್ಲದಿದ್ದರೂ ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುತ್ತಲೇ ಇರುತ್ತದೆ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಕೆಂಪಗೆ ಕಾಯಿಸುತ್ತದೆ. ಒಂದು ಪ್ಲಗ್ ಉಳಿಸಲು ಹೋಗಿ ಅದನ್ನು ಸುಟ್ಟುಕೊಂಡರೆ ಲೆಕ್ಕ ಬೇರೆಯೇ ಆಗುತ್ತದೆ.

ಮೇಸ್ತ್ರಿ_ಹುಬ್ಬಳ್ಳಿ

ಲೇತ್ ಅಂಗಡಿ ನಡೆಸುತ್ತೇನೆ. ವಾರಕ್ಕೊಂದಾದರೂ ಇಂಥ ಹೆಡ್ ನನ್ನ ಮುಂದೆ ಬಂದು ಕೂರುತ್ತದೆ. ಗಾಬರಿ ಬೇಡ. ಆರು ಮೂಲೆ ಉಳಿದಿದೆ ಎಂದಿದ್ದೀರಿ, ಅಂದ ಮೇಲೆ ಮುಕ್ಕಾಲು ಕೆಲಸ ನಿಮ್ಮ ಕಡೆಯೇ ಇದೆ. ಪ್ಲಗ್ ಬಿಚ್ಚಲು ಪಿಂಗಾಣಿ ಬೇಕಾಗಿಲ್ಲ.

ಮೊದಲು ಗುಂಡಿ ಸ್ವಚ್ಛವಾಗಬೇಕು. ಪ್ಲಗ್ ಇನ್ನೂ ಬಿಗಿಯಾಗಿರುವುದರಿಂದ ಈಗ ಏನೂ ಒಳಗೆ ಹೋಗುವುದಿಲ್ಲ. ಒಮ್ಮೆ ಸಡಿಲವಾದರೆ ಎಲ್ಲವೂ ಹೋಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಸಣ್ಣ ಪ್ಲಾಸ್ಟಿಕ್ ನಳಿಗೆಯೊಂದನ್ನು ಟೇಪ್ ಸುತ್ತಿ ಕೂರಿಸಿ ಚೂರುಗಳನ್ನು ಎಳೆಯಿರಿ. ಅಂಟಿಕೊಂಡ ತುಕ್ಕಿನ ಕೆಸರನ್ನು ಉದ್ದನೆಯ ಸ್ಕ್ರೂಡ್ರೈವರಿನಿಂದ ಕೆದಕಿ ಮತ್ತೆ ಎಳೆಯಿರಿ. ಗಾಳಿ ಊದುವುದಾದರೆ ಕಣ್ಣಿಗೆ ಕನ್ನಡಕ ಹಾಕಿಕೊಂಡು ಊದಿ. ಬಿಳಿ ಚೂರು ಒಂದೂ ಇಲ್ಲವೆಂದು ಟಾರ್ಚ್ ಹಿಡಿದು ನೋಡುವವರೆಗೆ ಸಾಕೆಟ್ ಮುಟ್ಟಬೇಡಿ.

ಆಮೇಲೆ ತುಕ್ಕು ಬಿಡಿಸುವ ಎಣ್ಣೆ. ಗುಂಡಿ ತುಂಬಿಸುವುದಲ್ಲ, ಪ್ಲಗ್‌ನ ಬುಡದ ಸುತ್ತ ಚಮಚದಷ್ಟು. ರಾತ್ರಿಯಿಡೀ ಬಿಡಿ. ನಾಳೆ ಆರು ಮೂಲೆಯ ಸಾಕೆಟ್ ತನ್ನಿ, ಹನ್ನೆರಡು ಮೂಲೆಯದು ಬೇಡ, ಅದು ಮೂಲೆ ಸವೆಸುತ್ತದೆ. ಎಕ್ಸ್‌ಟೆನ್ಶನ್ ನೆಟ್ಟಗೆ ನಿಲ್ಲಬೇಕು. ಎಡಗೈ ಸಾಕೆಟ್ಟಿನ ತಲೆಯನ್ನು ಮೇಲಿನಿಂದ ಒತ್ತಿ ಹಿಡಿದಿರಬೇಕು, ಬಲಗೈ ಮಾತ್ರ ತಿರುಗಿಸಬೇಕು. ಪಿಂಗಾಣಿ ಮುರಿಯುವುದು ಬಲದಿಂದಲ್ಲ, ವಾಲಿಕೆಯಿಂದ.

ಸ್ವಲ್ಪ ಬಿಟ್ಟಿತೆಂದು ಒಂದೇ ಸಮನೆ ಬಿಚ್ಚಬೇಡಿ. ಕಾಲು ಸುತ್ತು ಬಿಚ್ಚಿ, ಅದರ ಅರ್ಧ ಮತ್ತೆ ಬಿಗಿಸಿ, ಇನ್ನೊಂದು ಹನಿ ಎಣ್ಣೆ ಬಿಡಿ, ಮತ್ತೆ ಬಿಚ್ಚಿ. ಕಿರ್ ಎಂದಾಗಲೆಲ್ಲ ಹಿಂದಕ್ಕೆ ಬನ್ನಿ. ಆ ಶಬ್ದ ಅಲ್ಯೂಮಿನಿಯಂ ಹರಿಯುವ ಶಬ್ದ.

ಬೆಣ್ಣೆದೋಸೆ_ದಾವಣಗೆರೆ

ಮೇಸ್ತ್ರಿಗಳೇ, ಧನ್ಯವಾದ. ಎಣ್ಣೆ ಬಿಟ್ಟಿದ್ದೇವೆ. ಒಂದು ಸಂದೇಹ. ಅಂಗಡಿಯವನೊಬ್ಬ, ಎಂಜಿನ್ ಬಿಸಿ ಮಾಡಿ ಬಿಚ್ಚಿ, ಅಲ್ಯೂಮಿನಿಯಂ ಹಿಗ್ಗುತ್ತದೆ, ಪ್ಲಗ್ ತಾನೇ ಬರುತ್ತದೆ ಎಂದ. ನಿಜವೇ?

ತುಮಕೂರು_ಟ್ಯಾಪೆಟ್

ಅರ್ಧ ನಿಜ. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ಹಾಗಾಗಿ ರಂಧ್ರ ಒಂದಿಷ್ಟು ಸಡಿಲವಾಗುವುದು ಹೌದು. ಆದರೆ ಬಿಸಿ ಅಲ್ಯೂಮಿನಿಯಂ ಮೆತ್ತಗೂ ಆಗುತ್ತದೆ. ಕಚ್ಚಿಕೊಂಡ ಪ್ಲಗ್ ಬಿಸಿ ಹೆಡ್‌ನಿಂದ ಹೊರಬರುವಾಗ ರಂಧ್ರದ ತಿರುಪಿನ ಸುತ್ತುಗಳನ್ನು, ಅಂದರೆ ಥ್ರೆಡ್ ಅನ್ನೂ ಜೊತೆಗೆ ಕರೆದುಕೊಂಡು ಬರುವುದೇ ಹೆಚ್ಚು. ಅದಕ್ಕೇ ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿ ಎಂದು ಎಲ್ಲ ಪ್ಲಗ್ ಕಂಪನಿಗಳೂ ಹೇಳುವುದು. ಅಷ್ಟಕ್ಕೂ ನಿಮ್ಮ ಗಾಡಿಯನ್ನು ಈಗ ಚಾಲೂ ಮಾಡುವಂತಿಲ್ಲ, ಬಿಸಿ ಎಲ್ಲಿಂದ ತರುತ್ತೀರಿ?

ಮೇಸ್ತ್ರಿ_ಹುಬ್ಬಳ್ಳಿ

ಕೈಗೆ ಹಿತವಾಗುವಷ್ಟು ಬೆಚ್ಚಗಿದ್ದಾಗ ನಾನೂ ಬಿಚ್ಚಿದ್ದುಂಟು. ಅದು ಕೈಗೆ ಅಂದಾಜಿರುವವರ ಕೆಲಸ. ಮನೆಯಲ್ಲಿ ಬೇಡ.

ಮಿಷಿಗನ್_ಮಲ್ಲಿಗೆ

ನಿಮ್ಮ ಫಜೀತಿ ಓದಿ ಇಲ್ಲಿನ ಒಂದು ಪ್ರಸಿದ್ಧ ಫಜೀತಿ ನೆನಪಾಯಿತು. ಫೋರ್ಡ್‌ನ 5.4 ಲೀಟರ್ ಟ್ರೈಟನ್ ವಿ8, ಸಿಲಿಂಡರಿಗೆ ಮೂರು ವಾಲ್ವ್ ಇರುವ ಮಾದರಿ. 2004ರಿಂದ 2008ರವರೆಗಿನ ಎಫ್-150 ಪಿಕಪ್ ಗಾಡಿಗಳಲ್ಲಿ ಬಂದದ್ದು. ಅದರ ಪ್ಲಗ್‌ಗೆ ಥ್ರೆಡ್‌ನ ಕೆಳಗೆ ಉದ್ದನೆಯ ತೆಳು ಉಕ್ಕಿನ ಕೊಳವೆ ಇತ್ತು, ಅದನ್ನು ಬೇರೆಯಾಗಿ ಮಾಡಿ ಮೇಲಿನ ಭಾಗಕ್ಕೆ ಜೋಡಿಸಿದ್ದರು. ಕೊಳವೆಯ ಸುತ್ತ ಮಸಿ ಗಟ್ಟಿಯಾಗಿ ಹೆಡ್‌ಗೆ ಅಂಟಿಕೊಳ್ಳುತ್ತಿತ್ತು. ಬಿಚ್ಚಲು ಹೋದರೆ ಮೇಲ್ಭಾಗ ಕೈಗೆ, ಕೊಳವೆ ಹೆಡ್‌ಗೆ. ಎಂಟು ಪ್ಲಗ್‌ಗಳಲ್ಲಿ ಎಷ್ಟು ಮುರಿಯುತ್ತವೆ ಎಂದು ಗ್ಯಾರೇಜುಗಳಲ್ಲಿ ಪಂದ್ಯ ಕಟ್ಟುತ್ತಾರೆ ಎಂಬ ತಮಾಷೆಯೇ ಇದೆ. ಮುರಿದ ಕೊಳವೆಯನ್ನು ಎಳೆಯಲೆಂದೇ ಲೈಲ್ ಎಂಬ ಕಂಪನಿ ಒಂದು ಉಪಕರಣ ಮಾಡಿ ಮಾರಿತು.

ಫೋರ್ಡ್ ತನ್ನ ಮೆಕ್ಯಾನಿಕ್‌ಗಳಿಗೆ ಕೊಟ್ಟ ವಿಧಾನವೂ ಮೇಸ್ತ್ರಿಗಳು ಹೇಳಿದ್ದರ ಅಣ್ಣತಮ್ಮನೇ: ಎಂಟನೇ ಒಂದು ಸುತ್ತು ಸಡಿಲಿಸಿ, ಗುಂಡಿಗೆ ಕಾರ್ಬ್ಯುರೇಟರ್ ಕ್ಲೀನರ್ ಬಿಟ್ಟು ಕಾಯಿರಿ, ಆಮೇಲೆ ಹಿಂದೆ ಮುಂದೆ ಆಡಿಸುತ್ತ ಬಿಚ್ಚಿ. ಅದೇ ಟ್ರೈಟನ್‌ನ ಹಿಂದಿನ ಎರಡು ವಾಲ್ವ್ ಮಾದರಿಯದು ತದ್ವಿರುದ್ಧ ಕಥೆ. ಅದರ ಹೆಡ್‌ನಲ್ಲಿ ಥ್ರೆಡ್ ಕೆಲವೇ ಸುತ್ತು ಇದ್ದುದರಿಂದ ಓಡುವ ಗಾಡಿಯಲ್ಲೇ ಪ್ಲಗ್ ಕಿತ್ತು ಹಾರುತ್ತಿತ್ತು. ಒಂದು ಬರುವುದಿಲ್ಲ, ಇನ್ನೊಂದು ನಿಲ್ಲುವುದಿಲ್ಲ.

ಅಡಿಕೆ_ಸಾಗರ

ಕಾರಿನ ಎಳೆಯಲ್ಲಿ ನುಗ್ಗುತ್ತಿದ್ದೇನೆ, ಕ್ಷಮಿಸಿ. ಪ್ಲಗ್ ವಿಷಯವೇ ಆದ್ದರಿಂದ ಕೇಳುತ್ತೇನೆ. ತೋಟದ ಕಳೆ ಕತ್ತರಿಸುವ ಯಂತ್ರ, ಟೂ ಸ್ಟ್ರೋಕ್. ಪ್ಲಗ್ ಹೋಗಿತ್ತೆಂದು ಪೇಟೆಯಿಂದ ಹೊಸದು ತಂದು ಹಾಕಿದೆ. ಹಗ್ಗ ಎಳೆದರೆ ಪೂರ್ತಿ ಬರುವುದಿಲ್ಲ, ಒಳಗೆ ಏನೋ ತಾಗಿದಂತೆ ನಿಲ್ಲುತ್ತದೆ. ಪ್ಲಗ್ ತೆಗೆದರೆ ಸಲೀಸಾಗಿ ತಿರುಗುತ್ತದೆ. ಕಂಪ್ರೆಶನ್ ಹೆಚ್ಚಾಗಿದೆಯೇ?

ತುಮಕೂರು_ಟ್ಯಾಪೆಟ್

ರಾಯರೇ, ಹಗ್ಗ ಬಿಡಿ! ಕಂಪ್ರೆಶನ್ ಅಲ್ಲ, ಪ್ಲಗ್ ಪಿಸ್ಟನ್‌ಗೆ ತಾಗುತ್ತಿದೆ.

ಹಳೆಯ ಪ್ಲಗ್ ಮತ್ತು ಹೊಸದನ್ನು ಪಕ್ಕಪಕ್ಕ ನಿಲ್ಲಿಸಿ ಥ್ರೆಡ್‌ನ ಉದ್ದ ನೋಡಿ. ಕಳೆ ಯಂತ್ರಗಳಲ್ಲಿ ಸಾಮಾನ್ಯವಾಗಿ ಬರುವ ಗಿಡ್ಡ ಪ್ಲಗ್‌ನ ಥ್ರೆಡ್ ಸುಮಾರು 9.5 ಮಿ.ಮೀ. ಉದ್ದ. ಅದೇ 14 ಮಿ.ಮೀ. ದಪ್ಪದಲ್ಲಿ 12.7ರದ್ದೂ ಸಿಗುತ್ತದೆ, 19ರದ್ದೂ ಸಿಗುತ್ತದೆ. ದಪ್ಪ ಒಂದೇ ಆದ್ದರಿಂದ ಎಲ್ಲವೂ ಚೆನ್ನಾಗಿಯೇ ಕೂರುತ್ತವೆ, ತಾಗಿದಾಗಲೇ ಗೊತ್ತಾಗುವುದು. ಅಂಗಡಿಯವರು ಕಣ್ಣಂದಾಜಿನಲ್ಲಿ ಕೊಟ್ಟಿರುತ್ತಾರೆ.

ಹೊಸದರ ಬಾಗಿದ ಕೊಂಡಿ ನಡುವಿನ ಕಡ್ಡಿಗೆ ಅಂಟಿಕೊಂಡಿದ್ದರೆ ತಾಗಿದ್ದು ಖಚಿತ. ಬ್ಯಾಟರಿಯಲ್ಲಿ ಚಾಲೂ ಆಗುವ ಯಂತ್ರವಾಗಿದ್ದರೆ ಪಿಸ್ಟನ್‌ನ ತಲೆಗೇ ತೂತು ಬೀಳಬಹುದಿತ್ತು. ಹಗ್ಗದ ಯಂತ್ರವಾದ್ದರಿಂದ ನಿಮ್ಮ ಕೈ ಮೊದಲೇ ನಿಂತಿದೆ.

ಅಡಿಕೆ_ಸಾಗರ

ನೋಡಿದೆ. ಹೊಸದು ಉದ್ದವೇ ಇದೆ, ಕೊಂಡಿಯೂ ಕೂತುಬಿಟ್ಟಿದೆ. ಪಿಸ್ಟನ್ ಮೇಲೆ ಸಣ್ಣ ಗುರುತಿದೆ ಅಷ್ಟೆ, ತೂತಿಲ್ಲ. ಹಳೆಯದನ್ನೇ ತಂತಿ ಬ್ರಶ್‌ನಲ್ಲಿ ಉಜ್ಜಿ ಹಾಕಿದೆ, ಚಾಲೂ ಆಯಿತು. ಹಾಗಾದರೆ ಹಳೆಯದು ಹೋಗಿರಲೇ ಇಲ್ಲವೇ?

ಹಳೇ_ಬುಲೆಟ್

ಬರೀ ಮಸಿ ಹಿಡಿದಿರುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸುವಾಗ ಆಳುಗಳು "ಇರಲಿ ಇನ್ನೊಂದಿಷ್ಟು" ಎಂದು ಧಾರಾಳವಾಗಿ ಸುರಿಯುತ್ತಾರೆ. ಯಂತ್ರದ ಪುಸ್ತಕದಲ್ಲಿ ಐವತ್ತಕ್ಕೆ ಒಂದು ಎಂದಿದ್ದರೆ ಐದು ಲೀಟರ್ ಪೆಟ್ರೋಲಿಗೆ ನೂರು ಎಂ.ಎಲ್. ಅಷ್ಟೆ. ಅಳೆದು ಹಾಕಿಸಿ, ಪ್ಲಗ್ ಒದ್ದೆಯಾಗುವುದು ನಿಲ್ಲುತ್ತದೆ.

ಇನ್ನೊಂದು ಮಾತು. ತಂತಿ ಬ್ರಶ್ ಸಾಮಾನ್ಯ ನಿಕಲ್ ಪ್ಲಗ್‌ಗೆ ಮಾತ್ರ. ಇರಿಡಿಯಂ ಪ್ಲಗ್‌ಗೆ ಮುಟ್ಟಿಸಬೇಡಿ, ಅದರ ತುದಿ ಸೂಜಿಯಷ್ಟು ತೆಳು. ಅದರ ಕೊಂಡಿಗೂ ನಡುವಿನ ಕಡ್ಡಿಗೂ ಇರುವ ಅಂತರ ಸರಿಪಡಿಸುತ್ತೇನೆಂದು ಸ್ಕ್ರೂಡ್ರೈವರ್ ತುರುಕಿದವರ ಪ್ಲಗ್‌ಗಳು ನನ್ನ ಮೇಜಿನ ಮೇಲೆ ಒಂದು ಡಬ್ಬಿ ತುಂಬ ಇವೆ.

ಬೆಣ್ಣೆದೋಸೆ_ದಾವಣಗೆರೆ

ಬಂತು! ಬೆಳಿಗ್ಗೆ ಮೇಸ್ತ್ರಿಗಳು ಹೇಳಿದಂತೆ ಹಿಂದೆ ಮುಂದೆ ಆಡಿಸುತ್ತ ಹೋದೆವು. ಎಣ್ಣೆ ಕಪ್ಪಗಾಗಿ ಮೇಲೆ ಬಂತು, ಆಮೇಲೆ ಪ್ಲಗ್ ಸಡಿಲವಾಯಿತು. ಸಾಕೆಟ್‌ನ ರಬ್ಬರಿಗೆ ಹಿಡಿಯಲು ಪಿಂಗಾಣಿ ಇರಲಿಲ್ಲವಾದ್ದರಿಂದ ಮ್ಯಾಗ್ನೆಟ್ ಕಡ್ಡಿ ಬಿಟ್ಟು ಎತ್ತಿದೆವು. ಮೂಗಿನ ಪಿಂಗಾಣಿ ಪೂರ್ತಿ ಇದೆ, ಒಳಗೆ ಏನೂ ಬಿದ್ದಿಲ್ಲ.

ಆದರೆ ಪ್ಲಗ್‌ನ ಕೆಳಗಿನ ಎರಡು ಮೂರು ಸುತ್ತಿನಲ್ಲಿ ಬೆಳ್ಳಿಯ ಬಣ್ಣದ ಪುಡಿ ಮೆತ್ತಿಕೊಂಡಿದೆ. ಅದು ಹೆಡ್‌ನ ಥ್ರೆಡ್ ಅಲ್ಲವೇ? ಹೊಸ ಪ್ಲಗ್ ಹಾಕಿ ನೋಡಲೇ?

ಮೇಸ್ತ್ರಿ_ಹುಬ್ಬಳ್ಳಿ

ತಡೆಯಿರಿ. ಹೌದು, ಅದು ಹೆಡ್‌ನದೇ. ಆದರೆ ಪುಡಿ ಎಂದಿರಿ, ಸುರುಳಿ ಎನ್ನಲಿಲ್ಲ. ತಂತಿಯಂತೆ ಸುರುಳಿಯಾಗಿ ಬಂದಿದ್ದರೆ ಥ್ರೆಡ್ ಹೋಗಿದೆ ಎಂದರ್ಥ. ಪುಡಿಯಾದರೆ ಬರಿಯ ತರಚು.

ಗಾಡಿಯನ್ನು ಗೇರಿನಲ್ಲಿಟ್ಟು ನಿಧಾನವಾಗಿ ತಳ್ಳಿ ಮೂರನೆಯ ಪಿಸ್ಟನ್ ಮೇಲಕ್ಕೆ ಬರುವಂತೆ ಮಾಡಿ. ರಂಧ್ರದ ಮೇಲೆ ಹೆಬ್ಬೆರಳಿಟ್ಟಾಗ ಗಾಳಿ ಹೊರಗೆ ದೂಡಬೇಕು, ಆ ಸುತ್ತಿನಲ್ಲಿ ಮಾತ್ರ ಎರಡೂ ಕಡೆಯ ವಾಲ್ವ್ ಮುಚ್ಚಿರುತ್ತವೆ. ಹಾಗಿದ್ದರೆ ಬಿದ್ದ ಪುಡಿ ಪಿಸ್ಟನ್ ತಲೆಯ ಮೇಲೆ ಕೈಗೆಟಕುವಂತೆ ಇರುತ್ತದೆ, ವಾಲ್ವ್ ಸೀಟಿಗೆ ಹೋಗುವುದಿಲ್ಲ.

ಥ್ರೆಡ್ ಸ್ವಚ್ಛ ಮಾಡಲು ಕತ್ತರಿಸುವ ಟ್ಯಾಪ್ ಬೇಡ, ಥ್ರೆಡ್ ಚೇಸರ್ ಕೇಳಿ. ಟ್ಯಾಪ್ ಹೊಸ ದಾರಿ ಕೊರೆಯುತ್ತದೆ, ಚೇಸರ್ ಇರುವ ದಾರಿಯನ್ನು ನೇರ ಮಾಡುತ್ತದೆ. ಅಳತೆ ಗೊತ್ತಿಲ್ಲದಿದ್ದರೆ ಹೊಸ ಪ್ಲಗ್ ತೆಗೆದುಕೊಂಡೇ ಅಂಗಡಿಗೆ ಹೋಗಿ. ಚೇಸರಿನ ಸಂದುಗಳಲ್ಲಿ ಗಟ್ಟಿ ಗ್ರೀಸ್ ತುಂಬಿ, ಕೈಯಲ್ಲೇ ತಿರುಗಿಸಿ, ತೆಗೆದು ಒರೆಸಿ, ಮತ್ತೆ ಗ್ರೀಸ್ ತುಂಬಿ ತಿರುಗಿಸಿ. ಪುಡಿ ಗ್ರೀಸಿಗೆ ಅಂಟಿ ಬರುತ್ತದೆ. ಕೊನೆಗೆ ಅದೇ ಸಣ್ಣ ನಳಿಗೆಯ ವ್ಯಾಕ್ಯೂಮ್.

ಅಷ್ಟಾದ ಮೇಲೂ ಹೊಸ ಪ್ಲಗ್ ಕೈಯಲ್ಲಿ ಪೂರ್ತಿ ಇಳಿಯದಿದ್ದರೆ, ಅಥವಾ ಕೊನೆಯಲ್ಲಿ ಬಿಗಿಯಾಗದೆ ಸುತ್ತುತ್ತಲೇ ಇದ್ದರೆ, ಅಲ್ಲಿಗೆ ನಿಲ್ಲಿಸಿ. ರಂಧ್ರ ದೊಡ್ಡದು ಮಾಡಿ ಉಕ್ಕಿನ ಹೆಲಿಕಾಯಿಲ್ ಸುರುಳಿಯನ್ನೋ ಥ್ರೆಡ್ ಇರುವ ಗಟ್ಟಿ ಕೊಳವೆಯಾದ ಬುಶ್ ಅನ್ನೋ ಕೂರಿಸಬೇಕಾಗುತ್ತದೆ. ಪ್ಲಗ್‌ಗೆ ನನ್ನ ಮತ ಬುಶ್‌ಗೆ. ಮುಂದೆ ಪ್ಲಗ್ ಬಿಚ್ಚುವಾಗ ಸುರುಳಿ ಕೆಲವೊಮ್ಮೆ ಪ್ಲಗ್ ಜೊತೆ ಬಂದುಬಿಡುತ್ತದೆ, ಬುಶ್ ಬರುವುದಿಲ್ಲ. ಹೆಡ್ ಇಳಿಸದೆ ಮಾಡುವವರಿದ್ದಾರೆ. ನಾನು ಇಳಿಸಿಯೇ ಮಾಡುವವನು.

ತುಮಕೂರು_ಟ್ಯಾಪೆಟ್

ಹೊಸದನ್ನು ಇಳಿಸುವ ರೀತಿಗೆ ನನ್ನದೂ ಸೇರಿಸುತ್ತೇನೆ, ಏಕೆಂದರೆ ಮನೆಯ ಅನಾಹುತಗಳಲ್ಲಿ ದೊಡ್ಡ ಪಾಲು ಬಿಚ್ಚುವಾಗ ಅಲ್ಲ, ಹಾಕುವಾಗ ಆಗುವುದು.

ಒಂದು ಗೇಣು ಪೆಟ್ರೋಲ್ ಪೈಪ್ ತೆಗೆದುಕೊಂಡು ಪ್ಲಗ್‌ನ ಮೇಲ್ತುದಿಗೆ ಸಿಕ್ಕಿಸಿ. ಆ ರಬ್ಬರ್ ಹಿಡಿದು ಪ್ಲಗ್ ಅನ್ನು ಗುಂಡಿಗೆ ಇಳಿಸಿ, ಮೊದಲು ಎಡಕ್ಕೆ ತಿರುಗಿಸಿ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಕೂರಿಸುವಾಗ ಮಾಡುತ್ತೇವಲ್ಲ, ಹಾಗೆ. ಒಂದು ಕಡೆ ಟಕ್ ಎಂದು ಇಳಿದಂತೆ ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಿ. ಥ್ರೆಡ್ ವಾರೆಯಾಗಿ ಹಿಡಿದರೆ ರಬ್ಬರ್ ಜಾರಿ ಸುಮ್ಮನೆ ಸುತ್ತುತ್ತದೆ, ಹೆಡ್ ಉಳಿಯುತ್ತದೆ. ರ‍್ಯಾಚೆಟ್‌ಗೆ ಈ ವಿವೇಕ ಇಲ್ಲ, ಅದು ವಾರೆಯಲ್ಲೂ ನುಗ್ಗುತ್ತದೆ.

ವಾಶರ್ ತಳ ಮುಟ್ಟುವವರೆಗೆ ಕೈಯಲ್ಲೇ ಬರಬೇಕು. ಆಮೇಲೆ ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್. ಅಲ್ಯೂಮಿನಿಯಂ ಹೆಡ್‌ಗೆ, ವಾಶರ್ ಇರುವ ಪ್ಲಗ್ ಆದರೆ, 14 ಮಿ.ಮೀ. ಥ್ರೆಡ್‌ಗೆ 25ರಿಂದ 30 ನ್ಯೂಟನ್ ಮೀಟರ್, 12ಕ್ಕೆ 15ರಿಂದ 20, ಬೈಕುಗಳ 10 ಮಿ.ಮೀ. ಪ್ಲಗ್‌ಗೆ 10ರಿಂದ 12. ಗಾಡಿಯ ಪುಸ್ತಕದಲ್ಲಿ ಬೇರೆ ಇದ್ದರೆ ಪುಸ್ತಕವೇ ಸರಿ. ಟಾರ್ಕ್ ರೆಂಚ್ ಇಲ್ಲದವರು ಹೊಸ ಪ್ಲಗ್ ಅನ್ನು ವಾಶರ್ ಮುಟ್ಟಿದ ಮೇಲೆ ಅರ್ಧದಿಂದ ಮೂರನೇ ಎರಡು ಸುತ್ತು ಬಿಗಿಸಿ. ಹಳೆಯ ಪ್ಲಗ್ ಮತ್ತೆ ಹಾಕುವುದಾದರೆ ವಾಶರ್ ಆಗಲೇ ಚಪ್ಪಟೆಯಾಗಿರುತ್ತದೆ, ಹನ್ನೆರಡನೇ ಒಂದು ಸುತ್ತು ಸಾಕು. ಹೊಸದರ ಲೆಕ್ಕದಲ್ಲಿ ಹಳೆಯದನ್ನು ಬಿಗಿಸಿ ಥ್ರೆಡ್ ಕಿತ್ತವರು ಬಹಳ ಮಂದಿ.

ಕಾರ್ಕಳ_ಕಾರ್ಬ್ಯುರೇಟರ್

ಥ್ರೆಡ್‌ಗೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ ಸೀಜ್ ಪೇಸ್ಟ್ ಹಚ್ಚಿದ್ದರೆ ಈ ರಾಮಾಯಣವೇ ಇರುತ್ತಿರಲಿಲ್ಲ. ನಾನು ಪ್ರತಿ ಸಲ ಹಚ್ಚುತ್ತೇನೆ. ಕರಾವಳಿಯ ಉಪ್ಪು ಗಾಳಿಗೆ ಬೇರೆ ದಾರಿಯಿಲ್ಲ.

ತುಮಕೂರು_ಟ್ಯಾಪೆಟ್

ಹಚ್ಚಬೇಡಿ ಎಂದು ಪ್ಲಗ್ ತಯಾರಿಸುವ ಎನ್‌ಜಿಕೆ ಕಂಪನಿಯೇ ಹೇಳುತ್ತದೆ. ಪ್ಲಗ್‌ನ ಲೋಹಕ್ಕೆ ಈಗಾಗಲೇ ತುಕ್ಕು ಹಿಡಿಯದ ಲೇಪನ ಇರುತ್ತದೆ. ಪೇಸ್ಟ್ ಹಚ್ಚಿದರೆ ಥ್ರೆಡ್ ಜಾರುತ್ತದೆ, ರೆಂಚ್ 25 ಎಂದು ತೋರಿಸುವಾಗ ನಿಜವಾದ ಎಳೆತ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಪ್ಲಗ್ ಹಿಗ್ಗಿ ಮುರಿಯುವುದೂ ಉಂಟು.

ಕಾರ್ಕಳ_ಕಾರ್ಬ್ಯುರೇಟರ್

ಕಂಪನಿಯವರು ಕಾರ್ಕಳದ ಮಳೆಯಲ್ಲಿ ಒಂದು ಜುಲೈ ಕಳೆಯಲಿ, ಆಮೇಲೆ ಮಾತಾಡೋಣ.

ಮೇಸ್ತ್ರಿ_ಹುಬ್ಬಳ್ಳಿ

ಇಬ್ಬರೂ ಸಮಾಧಾನ. ಹಚ್ಚಿ ಕೆಟ್ಟದ್ದನ್ನೂ ನೋಡಿದ್ದೇನೆ, ಹಚ್ಚದೆ ಕೆಟ್ಟದ್ದನ್ನೂ ನೋಡಿದ್ದೇನೆ. ಲೇಪನವಿಲ್ಲದ ಕಪ್ಪು ಬಣ್ಣದ ಹಳೆಯ ಮಾದರಿ ಪ್ಲಗ್‌ಗೆ ಹಚ್ಚುವುದರಲ್ಲಿ ಅರ್ಥವಿದೆ. ಕಾರ್ಕಳದವರೇ, ಹಚ್ಚಲೇಬೇಕೆಂದರೆ ತುದಿಯ ಎರಡು ಸುತ್ತು ಬಿಟ್ಟು ಮೇಲೆ ಮಾತ್ರ ಒರೆಸಿದಷ್ಟು ಹಚ್ಚಿ, ಬಿಗಿತ ಇಳಿಸಿ. ಅದರಲ್ಲಿ ಲೋಹದ ಪುಡಿ ಇರುತ್ತದೆ, ತುದಿಗೆ ಹೋದರೆ ಕಿಡಿ ಅಡ್ಡದಾರಿ ಹಿಡಿಯುತ್ತದೆ. ದಾವಣಗೆರೆಯವರ ಪ್ಲಗ್ ಕಚ್ಚಿದ್ದು ಪೇಸ್ಟ್ ಇಲ್ಲದ್ದರಿಂದಲ್ಲ, ಗುಂಡಿಯಲ್ಲಿ ನೀರು ನಿಂತದ್ದರಿಂದ.

ಬೆಣ್ಣೆದೋಸೆ_ದಾವಣಗೆರೆ

ಚೇಸರ್ ಸಿಕ್ಕಿತು, ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಯವರು ಎರವಲು ಕೊಟ್ಟರು. ಗ್ರೀಸಿನಲ್ಲಿ ಬೆಳ್ಳಿ ಪುಡಿ ಬಂತು, ಕೊನೆಯ ಸಲ ಬರಲಿಲ್ಲ. ಹೊಸ ಪ್ಲಗ್ ರಬ್ಬರ್ ಪೈಪಿನಲ್ಲೇ ಕೊನೆಯವರೆಗೆ ಇಳಿಯಿತು. ಬಿಗಿಸಿದೆವು, ಚಾಲೂ ಮಾಡಿದೆವು.

ಈಗ ಹೊಸ ತಲೆನೋವು. ಎಂಜಿನ್ ನಡುಗುತ್ತಿದೆ, ಚೆಕ್ ಎಂಜಿನ್ ದೀಪ ಮಿನುಗುತ್ತಿದೆ. ಪಕ್ಕದ ಮನೆಯವರ ಸ್ಕ್ಯಾನರ್ ಹಾಕಿದರೆ ಪಿ0303 ಎನ್ನುತ್ತಿದೆ. ಭಾವಮೈದ ಥ್ರೆಡ್ ಸೋರುತ್ತಿದೆ ಎನ್ನುತ್ತಾನೆ.

ತುಮಕೂರು_ಟ್ಯಾಪೆಟ್

ದೀಪ ಸುಮ್ಮನೆ ಉರಿಯುವುದು ಬೇರೆ, ಮಿನುಗುವುದು ಬೇರೆ. ಮಿನುಗುತ್ತಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುವಷ್ಟು ಕಿಡಿ ತಪ್ಪುತ್ತಿದೆ ಎಂದರ್ಥ. ಎಂಜಿನ್ ನಿಲ್ಲಿಸಿ.

ಪಿ0303 ಎಂದರೆ ಮೂರನೆಯ ಸಿಲಿಂಡರಿನಲ್ಲಿ ಉರಿ ತಪ್ಪುತ್ತಿದೆ. ಪಿ0301 ಮೊದಲನೆಯದು, ಹೀಗೆ ಮುಂದಕ್ಕೆ. ಪಿ0300 ಬಂದರೆ ಒಂದೇ ಸಿಲಿಂಡರ್ ಎಂದು ಹೇಳಲಾಗದು. ಮೊದಲು ಕಾಯಿಲ್‌ನ ವೈರ್ ಕನೆಕ್ಟರ್ ಕ್ಲಿಕ್ ಎಂದು ಕೂತಿದೆಯೇ ನೋಡಿ. ಹಳೆಯ ಗಾಡಿಗಳಲ್ಲಿ ಆ ಪ್ಲಾಸ್ಟಿಕ್ ಕೊಕ್ಕೆ ಬಿಸಿಲಿಗೆ ಒಣಗಿ ಮುರಿದಿರುತ್ತದೆ, ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ.

ಅದು ಸರಿಯಿದ್ದರೆ ಮೂರನೆಯ ಕಾಯಿಲನ್ನು ಒಂದಕ್ಕೆ, ಒಂದರದ್ದನ್ನು ಮೂರಕ್ಕೆ ಹಾಕಿ. ಪ್ಲಗ್ ಮುಟ್ಟಬೇಡಿ, ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರ ತಪ್ಪೆಂದು ತಿಳಿಯುವುದಿಲ್ಲ. ಕೋಡ್ ಅಳಿಸಿ ಸ್ವಲ್ಪ ಓಡಿಸಿ. ಪಿ0301 ಬಂದರೆ ದೋಷ ಕಾಯಿಲ್ ಜೊತೆ ಪ್ರಯಾಣ ಮಾಡಿದೆ. 0303ರಲ್ಲೇ ನಿಂತರೆ ಪ್ಲಗ್, ಇಂಜೆಕ್ಟರ್ ಅಥವಾ ನಿಮ್ಮ ಭಾವಮೈದನವರ ಥ್ರೆಡ್.

ಸ್ಪ್ಲೆಂಡರ್_ಸಿರಾ

ನಡುವೆ ಒಂದು ಚಿಕ್ಕ ಪ್ರಶ್ನೆ. ಬೈಕಿಗೆ ಹೊಸ ಪ್ಲಗ್ ಹಾಕಿದೆ, ರಬ್ಬರ್ ಕ್ಯಾಪ್ ಒತ್ತಿದರೂ ಪೂರ್ತಿ ಕೂರುತ್ತಿಲ್ಲ, ಹೊಂಡ ಹಾರಿದರೆ ಕಳಚುತ್ತದೆ. ಕ್ಯಾಪ್ ಬದಲಿಸಬೇಕೇ?

ಹಳೇ_ಬುಲೆಟ್

ಬೇಡ ತಮ್ಮ. ಹೊಸ ಪ್ಲಗ್‌ನ ತುದಿಯಲ್ಲಿ ಒಂದು ದುಂಡು ನಟ್ ಇದೆಯೇ ನೋಡು. ಇಕ್ಕಳದಲ್ಲಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಬಹಳಷ್ಟು ಬೈಕ್ ಕ್ಯಾಪ್‌ಗಳು ಒಳಗಿನ ತಿರುಪಿನ ತುದಿಯನ್ನೇ ಹಿಡಿಯುವಂಥವು. ಹಳೆಯ ಪ್ಲಗ್‌ನಲ್ಲಿ ನಟ್ ಇಲ್ಲದಿದ್ದರೆ ಹೊಸದರಲ್ಲೂ ತೆಗೆ. ಇದ್ದರೆ ಬಿಗಿ ಮಾಡಿ ಬಿಡು, ಸಡಿಲ ನಟ್ ಕೂಡ ಕಿಡಿ ತಿನ್ನುತ್ತದೆ.

ಸ್ಪ್ಲೆಂಡರ್_ಸಿರಾ

ಅದೇ ಆಗಿತ್ತು ಅಣ್ಣ. ಕೂತಿತು.

ಬೆಣ್ಣೆದೋಸೆ_ದಾವಣಗೆರೆ

ಟ್ಯಾಪೆಟ್ ಅವರೇ, ಕನೆಕ್ಟರ್ ಸರಿ ಇತ್ತು. ಕಾಯಿಲ್ ಅದಲು ಬದಲು ಮಾಡಿದೆವು, ಪಿ0301 ಬಂತು! ಕಾಯಿಲ್ ತೆಗೆದು ಬೆಳಕಿಗೆ ಹಿಡಿದರೆ ಪ್ಲಗ್ ಮೇಲೆ ಕೂರುವ ಅದರ ರಬ್ಬರ್ ಬೂಟ್‌ನ ಒಳಮೈಯಲ್ಲಿ ಉದ್ದನೆಯ ಸೀಳು. ಮೊದಲ ದಿನ ಎಳೆಯುವಾಗ ಅಂಟಿಕೊಂಡಿತ್ತು, ತಿರುಗಿಸದೆ ನೇರ ಎಳೆದಿದ್ದೆವು. ಕಾಯಿಲ್ ಪೂರ್ತಿ ಬದಲಿಸಬೇಕೇ? ಅದರ ಬೆಲೆ ಮೂರು ಪ್ಲಗ್‌ಗಿಂತ ಹೆಚ್ಚಿದೆ.

ತುಮಕೂರು_ಟ್ಯಾಪೆಟ್

ಬೂಟ್ ಮತ್ತು ಅದರೊಳಗಿನ ಸ್ಪ್ರಿಂಗ್ ಬಿಡಿಯಾಗಿ ಸಿಕ್ಕರೆ ಅಷ್ಟೇ ಸಾಕು. ಹಾಕುವ ಮುನ್ನ ಒಳಮೈಗೆ ವಿದ್ಯುತ್ ಹರಿಸದ ಡೈಎಲೆಕ್ಟ್ರಿಕ್ ಗ್ರೀಸ್ ಸ್ವಲ್ಪ ಸವರಿ, ಮುಂದೆ ಅಂಟುವುದಿಲ್ಲ. ತೆಗೆಯುವಾಗ ಎಡಕ್ಕೆ ಬಲಕ್ಕೆ ತಿರುಗಿಸಿ ಬಿಡಿಸಿಕೊಂಡು ಎತ್ತಬೇಕು.

ಇದನ್ನು ಮರೆಯಬೇಡಿ: ಸೀಳಿದ ಬೂಟ್ ಯಾವ ಯಾವ ಪ್ಲಗ್ ಮೇಲೆ ಕೂತಿತ್ತೋ ಅವುಗಳ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್ ಗೆರೆಯಂತೆ ಕಪ್ಪು ಗೆರೆ ಬಿದ್ದಿದೆಯೇ ನೋಡಿ. ಕಿಡಿ ಕೆಳಗೆ ಇಳಿಯದೆ ಹೊರಮೈ ಮೇಲೆ ಹರಿದು ಸುಟ್ಟ ಗುರುತದು. ಆ ಗೆರೆ ಇರುವವರೆಗೆ ಹೊಸ ಬೂಟ್ ಹಾಕಿದರೂ ಕಿಡಿ ಅದೇ ದಾರಿ ಹಿಡಿದು ಹೊಸದನ್ನೂ ಸುಡುತ್ತದೆ. ಗೆರೆ ಕಂಡರೆ ಪ್ಲಗ್ ಹೊಸದಾದರೂ ಬದಲಿಸಿ.

ಬೆಣ್ಣೆದೋಸೆ_ದಾವಣಗೆರೆ

ಮೂರನೆಯ ಪ್ಲಗ್‌ನಲ್ಲಿ ಗೆರೆ ಇತ್ತು, ಮೊದಲನೆಯದರಲ್ಲಿ ಇರಲಿಲ್ಲ. ಬೂಟ್ ಮತ್ತು ಆ ಒಂದು ಪ್ಲಗ್ ಬದಲಿಸಿದೆವು. ಎಂಜಿನ್ ಈಗ ಸದ್ದಿಲ್ಲದೆ ನಿಂತಿದೆ, ಅಂದರೆ ಓಡುತ್ತಿದ್ದರೂ ನಿಂತಂತಿದೆ. ದೀಪ ಆರಿದೆ. ಭಾವಮೈದ ತಾನು ಮೊದಲೇ ಕಾಯಿಲ್ ಎಂದಿದ್ದೆ ಎನ್ನುತ್ತಿದ್ದಾನೆ.

ಹಳೇ_ಬುಲೆಟ್

ಇಂಥ ಭಾವಮೈದ ಪ್ರತಿ ಮನೆಯಲ್ಲೂ ಇರುತ್ತಾನೆ. ಕಾಫಿ ಕೊಟ್ಟು ಕಳುಹಿಸಿ.

ನಿಮ್ಮ ಪ್ಲಗ್ ಮಾತು ಕೇಳಿ ನಮ್ಮ ಕಾಲ ನೆನಪಾಯಿತು. ಆಗ ಪ್ಲಗ್ ಎಂದರೆ ಮೈಕೋ. ಬೆಂಗಳೂರಿನ ಆಡುಗೋಡಿಯ ಮೈಕೋ, 1951ರಲ್ಲಿ ಶುರುವಾದದ್ದು, 2008ರಲ್ಲಿ ಬಾಷ್ ಎಂದೇ ಹೆಸರು ಬದಲಿಸಿಕೊಂಡಿತು. ನಾನು ಈಗಲೂ ಅಂಗಡಿಯಲ್ಲಿ ಮೈಕೋ ಪ್ಲಗ್ ಕೊಡಿ ಎನ್ನುತ್ತೇನೆ, ಹುಡುಗರು ಮುಖ ನೋಡುತ್ತಾರೆ.

ಆದರೆ ಬಾಷ್ ಬದಲು ಎನ್‌ಜಿಕೆ ಹಾಕುವವರು ಒಂದು ಗಮನಿಸಿ. ಎನ್‌ಜಿಕೆಯಲ್ಲಿ ಪ್ಲಗ್ ಸಂಖ್ಯೆಯಲ್ಲಿರುವ ಶಾಖದ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಂಪು, ಅಂದರೆ ಶಾಖವನ್ನು ಬೇಗ ಹೆಡ್‌ಗೆ ದಾಟಿಸುತ್ತದೆ. ಬಾಷ್‌ನಲ್ಲಿ ತಿರುಗುಮುರುಗು, ಅಂಕಿ ದೊಡ್ಡದಾದಷ್ಟೂ ಬಿಸಿ. ಏಳರ ಬದಲು ಏಳು ಎಂದು ಕೊಂಡುಕೊಳ್ಳಬೇಡಿ, ಹೋಲಿಕೆ ಪಟ್ಟಿ ನೋಡಿ. ತೀರ ಬಿಸಿ ಪ್ಲಗ್ ಹಾಕಿದರೆ ಮೂಗು ಸುಣ್ಣದಂತೆ ಬೆಳ್ಳಗಾಗುತ್ತದೆ, ಪಿಸ್ಟನ್‌ಗೆ ಅಪಾಯ. ತೀರ ತಂಪಾದರೆ ಒಣ ಮಸಿ. ತಿಳಿ ಕಂದು ಬಣ್ಣ ಇದ್ದರೆ ನೆಮ್ಮದಿ.

ಗ್ಯಾಸ್_ಗಾಡಿ_ಗದಗ

ಸಿಎನ್‌ಜಿ ಕಿಟ್ ಇರುವ ಗಾಡಿಗೆ ಅಂತರ ಎಷ್ಟಿಡಬೇಕು? ಡಬ್ಬಿಯ ಮೇಲೆ ಕೊನೆಯಲ್ಲಿ 10 ಎಂದಿದೆ.

ತುಮಕೂರು_ಟ್ಯಾಪೆಟ್

ಎನ್‌ಜಿಕೆ ಆದರೆ ಕೊನೆಯ 10 ಎಂದರೆ 1.0 ಮಿ.ಮೀ. ಅಂತರ, 9 ಎಂದರೆ 0.9, 11 ಎಂದರೆ 1.1. ಸಿಎನ್‌ಜಿಗೆ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು, ಆದ್ದರಿಂದ ಅಂತರ ಪೆಟ್ರೋಲ್‌ಗಿಂತ ಕಡಿಮೆ ಇಡುವುದು ರೂಢಿ. ಕಂಪನಿಯೇ ಸಿಎನ್‌ಜಿ ಕೂರಿಸಿದ ಗಾಡಿಯಾದರೆ ಅದಕ್ಕೆಂದೇ ಬೇರೆ ಪ್ಲಗ್ ಸಂಖ್ಯೆ ಪುಸ್ತಕದಲ್ಲಿರುತ್ತದೆ, ಅದನ್ನೇ ತನ್ನಿ. ಹೊರಗೆ ಹಾಕಿಸಿದ ಕಿಟ್ ಆದರೆ ಕಿಟ್‌ನ ಪುಸ್ತಕ. ಅಂತರ ಸರಿಮಾಡುವಾಗ ಬಾಗಿದ ಕೊಂಡಿಯನ್ನು ಮಾತ್ರ ಬಗ್ಗಿಸಿ, ನಡುವಿನ ಕಡ್ಡಿಗೆ ಒತ್ತು ಕೊಡಬೇಡಿ. ಮತ್ತು ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ಅನ್ನು ಅಳೆಯದೆ ಹಾಕಬೇಡಿ, ಕೊಂಡಿ ಮುಚ್ಚಿಕೊಂಡಿರುತ್ತದೆ. ಒಳಗಿನ ಪಿಂಗಾಣಿ ಸೀಳಿದ್ದರೆ ಕಣ್ಣಿಗೂ ಕಾಣುವುದಿಲ್ಲ.

ಬೆಣ್ಣೆದೋಸೆ_ದಾವಣಗೆರೆ

ಕೊನೆಯದಾಗಿ ಒಂದು. ಎರಡನೆಯ ಗುಂಡಿಯಲ್ಲಿ ಎಂಜಿನ್ ಆಯಿಲ್ ತೆಳ್ಳಗೆ ಇತ್ತು, ಒರೆಸಿ ಹಾಕಿದ್ದೇವೆ. ಅದೂ ತೊಳೆಸಿದ್ದರಿಂದಲೇ? ಮತ್ತೆ ಇಷ್ಟೆಲ್ಲ ಆದ ಮೂರನೆಯ ಪ್ಲಗ್ ಅನ್ನು ಕೆಲವು ದಿನ ಬಿಟ್ಟು ಇನ್ನೊಮ್ಮೆ ಬಿಗಿಸಿ ನೋಡಬೇಕೇ?

ಮೇಸ್ತ್ರಿ_ಹುಬ್ಬಳ್ಳಿ

ಆಯಿಲ್ ತೊಳೆಸಿದ್ದರಿಂದಲ್ಲ. ಹೆಡ್ ಕವರಿನ ಕೆಳಗೆ ಪ್ಲಗ್ ಗುಂಡಿಯ ಸುತ್ತ ಒಂದು ರಬ್ಬರ್ ಸೀಲ್ ಇರುತ್ತದೆ, ಅದು ಗಟ್ಟಿಯಾಗಿದೆ. ಹಾಗೇ ಬಿಟ್ಟರೆ ಆಯಿಲ್ ಕಾಯಿಲ್‌ನ ರಬ್ಬರನ್ನು ಉಬ್ಬಿಸುತ್ತದೆ, ಮತ್ತೆ ಅದೇ ಸೀಳು. ಹೆಡ್ ಕವರ್ ಗ್ಯಾಸ್ಕೆಟ್ ಜೊತೆ ಈ ಸೀಲ್‌ಗಳನ್ನೂ ಕೇಳಿ ತೆಗೆದುಕೊಳ್ಳಿ. ಕವರಿನ ಬೋಲ್ಟ್‌ಗಳು ಸಣ್ಣವು, ನಡುವಿನಿಂದ ಹೊರಗಿನ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿಸಬೇಕು. ಅದನ್ನು ನೀವೇ ಮಾಡಿ, ಭಾವಮೈದನವರು ಟಾರ್ಚ್ ಹಿಡಿಯಲಿ.

ಮೂರನೆಯ ಪ್ಲಗ್ ಅನ್ನು ಮುಟ್ಟಬೇಡಿ. ಟಾರ್ಕ್ ಸರಿಯಾಗಿ ಕೊಟ್ಟ ಪ್ಲಗ್ ತಾನಾಗಿ ಸಡಿಲವಾಗುವುದಿಲ್ಲ. ಸಂಶಯವಿದ್ದರೆ ಎಂಜಿನ್ ಓಡುವಾಗ ಗುಂಡಿಯ ಕಡೆ ಕಿವಿ ಕೊಡಿ. ಸೋರುವ ಪ್ಲಗ್ ಚಿಕ್ ಚಿಕ್ ಎನ್ನುತ್ತದೆ, ಗುಂಡಿಯಲ್ಲಿ ಮಸಿಯೂ ಕೂರುತ್ತದೆ. ಎರಡೂ ಇಲ್ಲದಿದ್ದರೆ ಮುಂದಿನ ಸಲ ಪ್ಲಗ್ ಬದಲಿಸುವವರೆಗೆ ಬಿಚ್ಚುವ ಕೆಲಸವಿಲ್ಲ. ಚೇಸರ್ ಅಂಗಡಿಗೆ ವಾಪಸು ಕೊಟ್ಟಿರಾ?